ಬಿಳಿಯಕ್ಕನ ಸಾಕ್ಷಿ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆ ಇದ್ದದ್ದು ಕಟ್ಟಡದ ಹಿಂಬದಿಗೆ, ಮೆಟ್ಟಿಲಿಳಿದು ಹೋಗಬೇಕಾದ ತಗ್ಗಿನಲ್ಲಿ. ಅಲ್ಲಿನ ಒಂದೇ ಕಿಟಕಿ ಚಾವಣಿಗೆ ಅಂಟಿಕೊಂಡಿತ್ತು. ಅದರೊಳಗಿಂದ ಕಾಣುತ್ತಿದ್ದುದು ಹೊರಗೆ ಓಡಾಡುವವರ ಪಾದಗಳು, ಹಿಂದಿನ ಗೇಟಿನಿಂದ ಬರುವ ಗಾಡಿಗಳ ಚಕ್ರಗಳು, ಅಷ್ಟೇ. ಒಳಗೆ ಪೀಪಾಯಿಯಂಥ ದೊಡ್ಡ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಹೊಟ್ಟೆ ತೊಳಸುತ್ತಿದ್ದವು. ಆವಿಗೆ ಗೋಡೆಯ ಸುಣ್ಣ ಎದ್ದು ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು.

ಅವಳು ಆ ಕೋಣೆಗೆ ಕೆಲಸಕ್ಕೆ ಸೇರಿದ್ದು ಇನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ. ಕಲೆ ಕಂಡರೆ ಅವಳಿಗೆ ಮೈಮೇಲೆ ಜಿರಳೆ ಹರಿದಂತಾಗುತ್ತಿತ್ತು. ರಕ್ತವನ್ನು ತಣ್ಣೀರಿನಲ್ಲೇ ಬಿಡಿಸಬೇಕು, ಬಿಸಿನೀರು ತಾಗಿತೋ ಅದು ಜನ್ಮಕ್ಕಂಟಿಕೊಳ್ಳುತ್ತದೆ ಎಂದು ಹೊಸಬರಿಗೆ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಡಾಕ್ಟರುಗಳು ಕೋಟು ಕಳಿಸುವಾಗ ‘ಆ ಬಿಳಿಯಕ್ಕನ ಕೈಗೇ ಕೊಡಿ’ ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಅವಳು ಎಲ್ಲರ ಬಾಯಲ್ಲೂ ಬಿಳಿಯಕ್ಕ ಆದಳು. ಮೈಬಣ್ಣದಲ್ಲೇನೂ ಅವಳು ಬಿಳಿಯಲ್ಲ. ಹೊಸದಾಗಿ ಬಂದ ನರ್ಸುಗಳು ಹೆಸರು ಕೇಳಿಕೊಂಡು ಹುಡುಕಿಕೊಂಡು ಬಂದು, ಇವಳ ಮುಖ ನೋಡಿ ಪೆಚ್ಚಾಗುವುದನ್ನು ಕಂಡು ಅವಳಿಗೇ ನಗು ಬರುತ್ತಿತ್ತು.

ಗಂಡ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಕಲ್ಲಿದ್ದಲಿನ ಮಸಿ ಅವನ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ, ಹುಬ್ಬಿನ ಕೂದಲಲ್ಲಿ ಮನೆ ಮಾಡಿಕೊಂಡಿತ್ತು. ಪಾಳಿ ಮುಗಿದ ಮೇಲೆ ಕೈ ಮಾತ್ರ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡು ಬರುತ್ತಿದ್ದ, ಮಗಳನ್ನು ಮುಟ್ಟಬೇಕಲ್ಲ ಎಂದು. “ನಾನು ಕರಿ, ನೀನು ಬಿಳಿ. ನಮ್ಮ ಮನೆ ಅಂದ್ರೆ ಚದುರಂಗದ ಹಲಗೆ ಕಣೇ,” ಅನ್ನುತ್ತಿದ್ದ. ಮಾತು ಕಮ್ಮಿ, ಆಡಿದರೆ ಇಂಥದ್ದೇ.

ಈ ಸಂಬಂಧ ಕುದುರಿಸಿದವನು ಅವಳ ಅಣ್ಣ. ಅಣ್ಣ ಒಂದು ಬೇಕರಿಯ ವ್ಯಾನು ಓಡಿಸುತ್ತಿದ್ದ. ಬೆಳಕು ಹರಿಯುವ ಮೊದಲೇ ಬಿಸಿ ಬ್ರೆಡ್ಡು ತುಂಬಿಕೊಂಡು ಕಾರ್ಖಾನೆಯ ಕ್ಯಾಂಟೀನು, ಆಸ್ಪತ್ರೆ, ಅಂಗಡಿಗಳಿಗೆ ಹಾಕುತ್ತ ಹೋಗುವುದು ಅವನ ಕೆಲಸ. ಕ್ಯಾಂಟೀನಿನ ಹಿಂಬಾಗಿಲಲ್ಲಿ ಚಹಾ ಕುಡಿಯುತ್ತ ಬಾಯ್ಲರಿನವನ ಪರಿಚಯವಾಗಿತ್ತು. ಒಂದು ದಿನ ಮನೆಗೆ ಬಂದು ತಂಗಿಗೆ ಹೇಳಿದ: “ನಿನಗೊಬ್ಬ ಗಂಡು ನೋಡಿದೀನಿ. ಗುಣ ಚಿನ್ನ. ಬಣ್ಣ ಮಾತ್ರ ಗೊತ್ತಿಲ್ಲ, ಮಸಿ ಒರೆಸಿ ನೋಡಿ ಹೇಳ್ತೀನಿ.” ಮದುವೆಯಾದ ಮೇಲೂ ಆ ಇಬ್ಬರ ಗೆಳೆತನ ಗೆಳೆತನವಾಗಿಯೇ ಉಳಿಯಿತು. ಇವನು ಅವನಿಗೆ ಭಾವ, ಅವನು ಇವನಿಗೆ ಭಾವ. ರಜೆಯ ದಿನ ಒಬ್ಬರ ಮನೆಯ ಕಟ್ಟೆಯ ಮೇಲೆ ಇನ್ನೊಬ್ಬರು ಇರಲೇಬೇಕು.

ಅಣ್ಣನ ವ್ಯಾನಿಗೆ ಎಡಗಡೆಯ ದೀಪ ಇರಲಿಲ್ಲ. ಮೊದಲು ಮಿಣುಕುತ್ತಿತ್ತು, ಆಮೇಲೆ ಪೂರಾ ಕಣ್ಣು ಮುಚ್ಚಿತು. ಬೇಕರಿ ಮಾಲೀಕನಿಗೆ ಹೇಳಿದಾಗಲೆಲ್ಲ “ಈ ತಿಂಗಳು ಕಳೀಲಿ” ಅನ್ನುತ್ತಿದ್ದ. ತಿಂಗಳುಗಳು ಕಳೆಯುತ್ತಲೇ ಇದ್ದವು. ಅಂಗಡಿಯವರು ದೂರದಿಂದಲೇ “ಒಂಟಿಕಣ್ಣ ಬಂದ” ಅನ್ನುವರು. ಅದು ವ್ಯಾನಿನ ಹೆಸರೋ ಅಣ್ಣನ ಹೆಸರೋ ಎನ್ನುವಷ್ಟು ಆ ಮಾತು ಬಳಕೆಯಾಯಿತು. ಅಣ್ಣ ತಲೆಕೆಡಿಸಿಕೊಳ್ಳಲಿಲ್ಲ. “ಈ ರಸ್ತೆ ನನಗೆ ಅಂಗೈ ಇದ್ದ ಹಾಗೆ. ಎರಡೂ ಕಣ್ಣು ಮುಚ್ಕೊಂಡು ಓಡಿಸ್ತೀನಿ, ಇನ್ನು ಒಂದು ಕಣ್ಣು ಯಾವ ಲೆಕ್ಕ.”

ಗಂಡನ ಸೈಕಲ್ಲಿಗಂತೂ ಹಿಂದೂ ದೀಪವಿಲ್ಲ, ಮುಂದೂ ದೀಪವಿಲ್ಲ. ಕೊಂಡಾಗ ಚಕ್ರಕ್ಕೆ ಉಜ್ಜಿ ಉರಿಯುವ ಡೈನಮೋ ಇತ್ತು. ಅದನ್ನು ಹಾಕಿದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ ಆಗುತ್ತದೆ ಎಂದು ಬಿಚ್ಚಿ ಅಟ್ಟದ ಮೇಲಿಟ್ಟಿದ್ದ. ಹಿಂದಿನ ಮಡ್‌ಗಾರ್ಡಿನ ಮೇಲಿದ್ದ ಕೆಂಪು ಬಿಲ್ಲೆ ಒಮ್ಮೆ ಗೋಡೆಗೆ ತಾಗಿ ಚೂರಾದ ಮೇಲೆ, ‘ತಂದರಾಯಿತು’ ಎಂಬ ಮಾತಿನಲ್ಲೇ ಉಳಿದುಹೋಯಿತು.

“ರೀ, ಚಳಿಗಾಲ ಬಂತು. ಆರೂವರೆ ಆದ್ರೂ ಬೆಳಕಿರಲ್ಲ. ಏನಾದ್ರೂ ಒಂದು ದೀಪ ಹಾಕಿಸ್ಕೊಳ್ಳಿ.”

“ನನಗೆ ದಾರಿ ಕಾಣತ್ತಲ್ಲ, ಸಾಕು.”

“ನಿಮಗೆ ದಾರಿ ಕಾಣೋದಲ್ಲ. ದಾರೀಲಿ ಹೋಗೋರಿಗೆ ನೀವು ಕಾಣಬೇಕು.”

“ಹೂಂ, ಬಂದೆ,” ಎಂದು ಅವನು ಟವೆಲು ತೆಗೆದುಕೊಂಡು ಬಚ್ಚಲಿಗೆ ಹೋಗುತ್ತಿದ್ದ. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳೂ ಹಟ ಹಿಡಿಯಲಿಲ್ಲ. ಮನೆ, ಮಗಳು, ಕೆಲಸ ಎಂದು ನೂರೆಂಟು ಇರುವಾಗ ಸೈಕಲ್ಲಿನ ಕೆಂಪು ಬಿಲ್ಲೆಗೆ ಯಾರು ಹಟ ಹಿಡಿಯುತ್ತಾರೆ.

ಅದೇ ಚಳಿಗಾಲದಲ್ಲಿ ಅವಳು ಇನ್ನೊಂದು ಕೆಲಸ ಮಾಡಿದಳು. ಮದುವೆಯಾದ ಹೊಸದರಲ್ಲಿ ಗಂಡನಿಗೆಂದು ಅವಳೇ ಹೆಣೆದ ತಿಳಿಹಳದಿ ಸ್ವೆಟರು ಇತ್ತು. ಅವನು ಅದನ್ನು ಬಿಟ್ಟು ಬೇರೆ ತೊಡುತ್ತಿರಲಿಲ್ಲ. ಮಸಿ ಅದಕ್ಕೆ ಎಷ್ಟು ಹತ್ತಿತ್ತೆಂದರೆ ಊರಿನ ಕಲೆಯನ್ನೆಲ್ಲ ತೆಗೆಯುವ ಬಿಳಿಯಕ್ಕನಿಗೂ ಅದು ಸೋಲೊಪ್ಪಲಿಲ್ಲ. ಒಂದು ರಜೆಯ ದಿನ ಬೇಸತ್ತು, ಕಪ್ಪು ಬಣ್ಣದ ಪೊಟ್ಟಣ ತಂದು ಬಿಸಿನೀರಲ್ಲಿ ಕಲಸಿ ಸ್ವೆಟರನ್ನು ಅದ್ದಿಬಿಟ್ಟಳು. ಒಣಗಿದ ಮೇಲೆ ಅವನ ಕೈಗೆ ಕೊಟ್ಟು, “ಇನ್ನು ನಿಮ್ಮ ಮಸಿ ನಿಮ್ಮ ಹತ್ರಾನೇ ಇರಲಿ,” ಅಂದಳು. ಅವನು ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತ.

“ಕಳ್ಳನ ಹಾಗೆ ಕಾಣ್ತೀನಾ?”

“ಕಾಣೋದೇ ಇಲ್ಲ ಬಿಡಿ,” ಎಂದು ಅವಳು ನಕ್ಕಳು. ಮಗಳೂ ನಕ್ಕಳು.

ಕಾರ್ಖಾನೆಗೂ ಅವರ ಮನೆಯಿದ್ದ ಬೀದಿಗೂ ನಡುವೆ ಒಂದು ತಿರುವು. ತಿರುವಿಗೆ ಹೊಂದಿಕೊಂಡು ಮರದ ಡಿಪೋ. ದಿಮ್ಮಿಗಳು ಒಳಗೆ ಹಿಡಿಸದೆ ರಸ್ತೆಯ ಅಂಚಿಗೆ ಬಂದು, ಅಲ್ಲಿಂದ ರಸ್ತೆಗೇ ಇಳಿದು ಮಲಗಿದ್ದವು. ಅಂಚಿನಲ್ಲಿ ಹೋಗುವ ಸೈಕಲ್ಲಿನವರು ಅಲ್ಲಿ ಬಲಕ್ಕೆ ಸರಿದು ನಡುರಸ್ತೆಗೆ ಬರಲೇಬೇಕು. ಅಲ್ಲಿದ್ದ ಕಂಬದ ದೀಪ ಮಳೆಗಾಲದಲ್ಲಿ ಹೋದದ್ದು ಮತ್ತೆ ಉರಿದಿರಲಿಲ್ಲ. ದಿನಾ ಸಾವಿರ ಜನ ಓಡಾಡುವ ದಾರಿ. ಎಲ್ಲರೂ ನೋಡುತ್ತಿದ್ದರು, ಎಲ್ಲರೂ ಸುತ್ತಿಕೊಂಡು ಹೋಗುತ್ತಿದ್ದರು. ಬಿಳಿಯಕ್ಕನೂ ಅಷ್ಟೇ, ಸೆರಗು ದಿಮ್ಮಿಗೆ ಸಿಕ್ಕದಂತೆ ಎತ್ತಿ ಹಿಡಿದು ದಾಟುತ್ತಿದ್ದಳು.

ಆ ದಿನ ಅವಳದು ಬೆಳಗಿನ ಪಾಳಿ, ಅವನು ರಾತ್ರಿ ಪಾಳಿ ಮುಗಿಸಿ ಬರುವವನು. ಹೊರಗೆ ಮಂಜು ಕವಿದು ಕೈಯಳತೆಯ ಆಚೆ ಏನೂ ಕಾಣುತ್ತಿರಲಿಲ್ಲ. ಅವಳು ಮೊದಲ ಯಂತ್ರಕ್ಕೆ ಬಟ್ಟೆ ತುಂಬುತ್ತಿದ್ದಾಗ ಹಿಂದಿನ ಗೇಟು ಕಿರ್ರೆಂದಿತು, ಕಿಟಕಿಯಲ್ಲಿ ವ್ಯಾನಿನ ಚಕ್ರ ಬಂದು ನಿಂತಿತು. “ಇವತ್ತು ಬ್ರೆಡ್ಡು ಬೇಗ ಬಂತು,” ಎಂದು ಪಕ್ಕದವಳಿಗೆ ಹೇಳಿದಳು. ಆಮೇಲೆ ಕಿಟಕಿಯಲ್ಲಿ ಓಡುವ ಕಾಲುಗಳು, ತಳ್ಳುಮಂಚದ ಗಾಲಿಗಳು. ಅಣ್ಣ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತ. ಅವನ ಅಂಗಿಯ ಎದೆಭಾಗ ಪೂರಾ ಒದ್ದೆ. ಅದು ಏನು ಎಂದು ಅವಳ ಕಣ್ಣಿಗೆ ಕೂಡಲೇ ಗೊತ್ತಾಯಿತು, ಕೆಲಸವೇ ಅದಲ್ಲವೆ.

“ಬಾ,” ಅಂದ. “ಭಾವ.”

ಬ್ರೆಡ್ಡಿನ ತಟ್ಟೆಗಳನ್ನು ರಸ್ತೆಗೆ ಎಸೆದು, ಅದೇ ಜಾಗದಲ್ಲಿ ಅವನನ್ನು ಮಲಗಿಸಿಕೊಂಡು ತಂದಿದ್ದ. ಯಾರು ಗುದ್ದಿದರು ಎಂದು ಅವಳು ಕೇಳಿದ್ದು ಮೇಲಿನ ಮಹಡಿ ತಲುಪಿದ ಮೇಲೆ. ಅಣ್ಣ ಗೋಡೆಗೆ ಒರಗಿ ಕೆಳಗೆ ಕುಸಿದು ಕೂತ. ಅವಳಿಗೆ ಅರ್ಥವಾಯಿತು.

ಗಂಡ ಹತ್ತು ಹನ್ನೆರಡು ದಿನ ಇದ್ದ. ಅಷ್ಟು ದಿನವೂ ಅವನ ಹಾಸಿಗೆಯ ಬಟ್ಟೆ ಕೆಳಗಿನ ಕೋಣೆಗೇ ಬರುತ್ತಿತ್ತು. ರಜೆ ತಗೋ ಎಂದು ಮೇಲಿನವರು ಹೇಳಿದರೂ ಅವಳು ಅವನ್ನು ಬೇರೆಯವರ ಕೈಗೆ ಕೊಡದೆ, ತಣ್ಣೀರಲ್ಲಿ ನೆನೆಸಿ ಕೈಯಲ್ಲೇ ಒಗೆದಳು. ಉಳಿದ ಹೊತ್ತೆಲ್ಲ ಮೇಲೆ, ಕಾರಿಡಾರಿನ ಬೆಂಚಿನ ಮೇಲೆ. ಅಣ್ಣ ನೆಲದ ಮೇಲೆ ಕೂರುತ್ತಿದ್ದ, ಬೆಂಚಿನ ಮೇಲೆ ಕೂರಲು ಒಪ್ಪಲಿಲ್ಲ. ಒಂದೇ ಲೋಟ ಚಹಾ ಇಬ್ಬರೂ ಹಂಚಿಕೊಂಡರು. ಅವನು ಅತ್ತಾಗ ಸಮಾಧಾನ ಮಾಡಿದವಳು ಅವಳೇ. ಆಗ ಅವಳಿಗೆ ಅವನ ಮೇಲೆ ಕೋಪವಿರಲಿಲ್ಲ. ಕೋಪಕ್ಕೆ ಮನಸ್ಸಿನಲ್ಲಿ ಜಾಗವೇ ಇರಲಿಲ್ಲ ಎನ್ನಬೇಕು.

ನಡುವೆ ಒಂದು ಮಧ್ಯಾಹ್ನ ಗಂಡ ಕಣ್ಣು ಬಿಟ್ಟ. ಇವಳ ಮುಖವನ್ನು ಗುರುತು ಹಿಡಿದ ಹಾಗೆ ನೋಡಿ, “ಸೈಕಲ್ಲು ಒಳಗಿಟ್ರಾ?” ಎಂದು ಕೇಳಿದ.

“ಇಟ್ಟಿದೀವಿ,” ಅಂದಳು. ಸೈಕಲ್ಲು ಪೊಲೀಸು ಠಾಣೆಯ ಅಂಗಳದಲ್ಲಿ ಎಂಟರ ಆಕಾರಕ್ಕೆ ನುಲಿದುಕೊಂಡು ಬಿದ್ದಿತ್ತು. ಅವನು ಕಣ್ಣು ಮುಚ್ಚಿದ. ಮತ್ತೆ ಮಾತಾಡಲಿಲ್ಲ.

ಅವನು ಹೋದ ಮೇಲೆ ಮನೆ ಎರಡು ಹೋಳಾಯಿತು. ಅತ್ತೆ, ಪಕ್ಕದ ಬೀದಿಯಲ್ಲಿ ಮೈದುನನ ಜೊತೆ ಇದ್ದವರು, ಬಂದು ಬಾಗಿಲಲ್ಲೇ ಕೂತು ಹೇಳಿದರು: “ನಿನ್ನ ಅಣ್ಣ ನನ್ನ ಮಗನ್ನ ತಿಂದ. ಅವನು ಜೈಲಿಗೆ ಹೋಗೋದನ್ನ ನೋಡದೆ ನಾನು ಸಾಯಲ್ಲ. ವ್ಯಾನಿಗೆ ದೀಪ ಇರ್ಲಿಲ್ಲ ಅಂತ ನೀನು ಹೇಳ್ಬೇಕು. ಸೈಕಲ್ಲಿನ ವಿಷಯ ಬಾಯಿ ಬಿಡಬೇಡ.” ಮಾರನೆಯ ದಿನ ಅವಳ ಸ್ವಂತ ತಾಯಿ ಬಂದು ಕೈ ಹಿಡಿದುಕೊಂಡಳು: “ಹೋದವನು ಹೋದ ಮಗಳೇ. ಇರೋನನ್ನಾದ್ರೂ ಉಳಿಸು. ಸೈಕಲ್ಲಿಗೆ ದೀಪ ಇರ್ಲಿಲ್ಲ ಅಂತ ಹೇಳು, ಅದು ನಿಜಾನೇ ಅಲ್ವಾ. ವ್ಯಾನಿನ ವಿಷಯ ನಿನಗ್ಯಾಕೆ.” ಇಬ್ಬರೂ ಕೇಳಿದ್ದು ನಿಜವನ್ನೇ, ಆದರೆ ಅರ್ಧರ್ಧ. ಅತ್ತ ದರಿ, ಇತ್ತ ಪುಲಿ. ಅವಳು ಇಬ್ಬರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಅವಳನ್ನು ಮುರಿದದ್ದು ಇವೆರಡೂ ಅಲ್ಲ. ಅಣ್ಣ ಪೊಲೀಸರ ಮುಂದೆ ವ್ಯಾನಿನ ಎರಡೂ ದೀಪ ಉರಿಯುತ್ತಿದ್ದವು, ಒಂದು ಆ ಗುದ್ದಿಗೆ ಒಡೆಯಿತು ಎಂದು ಹೇಳಿದ್ದಾನೆ ಎಂಬುದು ಮೈದುನನ ಬಾಯಿಂದ ಅವಳಿಗೆ ಗೊತ್ತಾಯಿತು. ಅವಳು ನಂಬಲಿಲ್ಲ. ಕೆಲಸ ಮುಗಿಸಿ ನೇರ ಬೇಕರಿಗೆ ನಡೆದಳು.

ಅಣ್ಣ ಹಿಂದಿನ ಅಂಗಳದಲ್ಲಿ ಖಾಲಿ ತಟ್ಟೆಗಳನ್ನು ಉಜ್ಜುತ್ತಿದ್ದ. ವ್ಯಾನು ಪೊಲೀಸರ ವಶದಲ್ಲಿತ್ತು. ಇವಳನ್ನು ಕಂಡು ಎದ್ದ, ಮತ್ತೆ ಕೂತ.

“ಎರಡೂ ದೀಪ ಉರೀತಿತ್ತು ಅಂದ್ಯಂತೆ.”

“ಮಾಲೀಕರು ಹಾಗೇ ಹೇಳು ಅಂದ್ರು. ಇಲ್ಲಾಂದ್ರೆ ಕೇಸು ಬಿಗಿಯಾಗತ್ತಂತೆ. ಅವರೇ ವಕೀಲರನ್ನೂ ಇಟ್ಟಿದಾರೆ.”

“ಒಂಟಿಕಣ್ಣ ಅಂತ ಊರಿಗೇ ಗೊತ್ತು ಅಣ್ಣ.”

“ಊರು ಬಂದು ಸಾಕ್ಷಿ ಹೇಳತ್ತಾ? ನಾಳೆ ನಾನು ಒಳಗೆ ಹೋದ್ರೆ ನಿನ್ನ ಅತ್ತಿಗೆ, ಮಕ್ಕಳು ಎಲ್ಲಿಗೆ ಹೋಗ್ತಾರೆ?”

“ಅದಕ್ಕೆ ಸುಳ್ಳು ಹೇಳ್ತೀಯಾ? ಹೋದವರು ನಿನ್ನ ಗೆಳೆಯ.”

ಅಣ್ಣ ಕೈಯಲ್ಲಿದ್ದ ತಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿದ. ಮೂಲೆಗೆ ಒತ್ತಿದ ಪ್ರಾಣಿಯ ಮುಖವಾಗಿತ್ತು ಅವನದು. “ಎಲ್ಲಾ ನನ್ನ ತಲೆ ಮೇಲೇ ಹಾಕು. ಭಾವನ ಸೈಕಲ್ಲಿಗೆ ದೀಪ ಇತ್ತಾ? ಒಂದು ಕೆಂಪು ಬಿಲ್ಲೆ ಇತ್ತಾ? ಆ ಸ್ವೆಟರು ಕಪ್ಪು ಮಾಡಿದ್ದು ಯಾರು? ನಾನಾ?”

ಒಲೆಯ ಕಡೆಯಿಂದ ಬ್ರೆಡ್ಡಿನ ಬಿಸಿ ವಾಸನೆ ಬರುತ್ತಿತ್ತು. ಅವಳು ತಿರುಗಿ, ಬಂದ ದಾರಿಯಲ್ಲೇ ಹೊರಟಳು. ಅಣ್ಣ ಹಿಂದಿನಿಂದ “ನಿಲ್ಲೇ, ನಿಲ್ಲು,” ಎಂದು ಕೂಗಿದ. ಅವಳು ನಿಲ್ಲಲಿಲ್ಲ.

ಆ ಮಾತು ಅವಳ ಜೊತೆ ಮನೆಗೆ ಬಂತು, ಅಡಿಗೆಮನೆಗೆ ಬಂತು, ಹಾಸಿಗೆಗೆ ಬಂತು. ಯಾರಿಗೂ ಹೇಳದೆ ಅವಳೇ ತನಗೆ ತಾನು ಹೇಳಿಕೊಂಡಿದ್ದ ಮಾತದು. ಒಳಗೆ ಹೇಳಿಕೊಂಡಾಗ ಅದು ಬರೀ ನೋವು. ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ಅದು ತೀರ್ಪು.

ಕೇಸು ನಡೆದು ಅವಳ ಸರದಿ ಬರುವ ಹೊತ್ತಿಗೆ ಇನ್ನೊಂದು ಮಳೆಗಾಲ ಮುಗಿದಿತ್ತು. ಕೋರ್ಟಿನ ಕೋಣೆ ಚಿಕ್ಕದು, ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುತ್ತಿತ್ತು. ಒಂದು ಬದಿಯ ಬೆಂಚಿನಲ್ಲಿ ಅತ್ತೆ, ಮೈದುನ. ಇನ್ನೊಂದು ಬದಿಯಲ್ಲಿ ತಾಯಿ, ಅತ್ತಿಗೆ. ಅವಳು ಕಟಕಟೆಗೆ ಹತ್ತಿದಾಗ ಎರಡೂ ಬೆಂಚುಗಳು ಮುಂದಕ್ಕೆ ಬಾಗಿದವು.

“ಆರೋಪಿ ಓಡಿಸ್ತಿದ್ದ ವ್ಯಾನಿಗೆ ಎಡಗಡೆ ದೀಪ ಇತ್ತೇನಮ್ಮಾ?” ಸರ್ಕಾರದ ವಕೀಲರು ಕೇಳಿದರು.

“ಇರ್ಲಿಲ್ಲ. ಎಷ್ಟೋ ತಿಂಗಳಿಂದ ಇರ್ಲಿಲ್ಲ. ಮಾಲೀಕರಿಗೆ ಹೇಳಿದ್ರೂ ಹಾಕಿಸ್ಲಿಲ್ಲ, ಅಣ್ಣನೂ ಹಾಗೇ ಓಡಿಸ್ದ.”

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ತಲೆಯಾಡಿಸಿದರು. ವಕೀಲರು ಸಾಕು ಎನ್ನುವಂತೆ ಕೈಯೆತ್ತಿದರು. ಅವಳು ನಿಲ್ಲಿಸಲಿಲ್ಲ.

“ನನ್ನ ಗಂಡನ ಸೈಕಲ್ಲಿಗೂ ದೀಪ ಇರ್ಲಿಲ್ಲ. ಹಿಂದಿನ ಕೆಂಪು ಬಿಲ್ಲೆ ಒಡೆದುಹೋಗಿತ್ತು.”

“ಕೇಳಿದ್ದಕ್ಕೆ ಮಾತ್ರ ಹೇಳಮ್ಮ.”

“ಅವರು ಹಾಕ್ಕೊಂಡಿದ್ದ ಸ್ವೆಟರು ಮೊದಲು ಹಳದಿ ಇತ್ತು. ಒಗೆದು ಬೇಜಾರಾಗಿ ನಾನೇ ಕಪ್ಪು ಮಾಡ್ದೆ. ತಿರುವಲ್ಲಿ ಕಂಬದ ದೀಪ ಕೆಟ್ಟು ಮಳೆಗಾಲ ಪೂರ್ತಿ ಕಳೆದಿತ್ತು. ಡಿಪೋದವರ ದಿಮ್ಮಿ ರಸ್ತೆಗೆ ಬಂದಿತ್ತು. ನಾವೆಲ್ಲ ದಿನಾ ನೋಡ್ಕೊಂಡೇ ಓಡಾಡ್ತಿದ್ವಿ.”

ಆ ಕಡೆಯ ವಕೀಲರು ಎದ್ದು ನಿಂತರು, ಈ ಕಡೆಯವರೂ ಎದ್ದು ನಿಂತರು. ಇಬ್ಬರಿಗೂ ಬೇಡವಾದ ಸಾಕ್ಷಿ ಅದು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವಳನ್ನೇ ಒಂದು ಗಳಿಗೆ ನೋಡಿ, “ಬರೆದುಕೊಳ್ಳಿ,” ಎಂದು ಗುಮಾಸ್ತನಿಗೆ ಹೇಳಿದರು.

ಅಣ್ಣನಿಗೆ ಕೆಲವು ತಿಂಗಳ ಜೈಲಾಯಿತು, ಲೈಸೆನ್ಸು ಹೋಯಿತು. ಬೇಕರಿ ಮಾಲೀಕನಿಗೆ ದಂಡ. ಅವನು ಅದನ್ನು ಕಟ್ಟಿ ಹೊಸ ವ್ಯಾನು ತಂದ, ಹೊಸ ಡ್ರೈವರನ್ನು ಇಟ್ಟ. ಕಂಬದ ದೀಪದ ಬಗ್ಗೆ, ದಿಮ್ಮಿಗಳ ಬಗ್ಗೆ ತೀರ್ಪಿನಲ್ಲಿ ಏನು ಬಂತೋ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಶಿಕ್ಷೆ ಕಮ್ಮಿಯಾಗಿದ್ದು ಇವಳ ಮಾತಿನಿಂದ ಎಂದು ಅತ್ತೆ ಮಾತು ಬಿಟ್ಟರು. ಶಿಕ್ಷೆ ಆಗಿದ್ದೇ ಇವಳ ಮಾತಿನಿಂದ ಎಂದು ತಾಯಿ ಮಾತು ಬಿಟ್ಟಳು. ಎರಡೂ ಮನೆಗಳ ಬಾಗಿಲು ಒಂದೇ ವಾರದಲ್ಲಿ ಮುಚ್ಚಿದವು. “ಸತ್ಯ ಹೇಳಿ ಏನು ಕಟ್ಕೊಂಡೆ?” ಎಂದು ಅತ್ತಿಗೆ ದಾರಿಯಲ್ಲಿ ನಿಲ್ಲಿಸಿ ಕೇಳಿದಳು. ಬಿಳಿಯಕ್ಕ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. ಹೇಳದೆ ಇರಲಾಗಲಿಲ್ಲ, ಅಷ್ಟೇ.

ಅವಳು ಡಿಪೋಕ್ಕೆ ಹೋದಳು. ಡಿಪೋದವನು ಹಲ್ಲುಕಡ್ಡಿ ಆಡಿಸುತ್ತ, “ನನ್ನ ಮರ ಮಲಗಿದ್ದಲ್ಲೇ ಮಲಗಿತ್ತಮ್ಮ, ಅದೇನು ಎದ್ದು ಬಂದು ಗುದ್ದಿತಾ?” ಎಂದು ಕೇಳಿದ. ವಿದ್ಯುತ್ ಕಚೇರಿಗೆ ಹೋದಳು. ಅಲ್ಲಿನವರು ಒಂದು ಸಲ ಬಂದು ಬಲ್ಬು ಹಾಕಿದರು. ಅದು ಮುಂದಿನ ಗಾಳಿಗೆ ಹೋಯಿತು. ಮತ್ತೆ ಹೋದಳು. ಹೋಗುತ್ತಲೇ ಇದ್ದಳು. ಕೌಂಟರಿನವನು ಅವಳನ್ನು ದೂರದಿಂದಲೇ ಕಂಡು, “ಬರೆದ್ಕೊಂಡೆ, ಹೋಗಿ,” ಅನ್ನುವಷ್ಟು ಗುರುತಾಯಿತು.

ಆಮೇಲೆ ಅವಳಿಗೆ ಒಂದು ಯೋಚನೆ ಬಂತು. ಆಸ್ಪತ್ರೆಯಲ್ಲಿ ಹರಿದು ಬಳಕೆಗೆ ಬಾರದ ಹಾಸುಗಳನ್ನು ಮೂಟೆ ಕಟ್ಟಿ ಎಸೆಯುತ್ತಿದ್ದರು. ಮೇಟ್ರನ್ ಅವರನ್ನು ಕೇಳಿ ಒಂದು ಮೂಟೆ ಮನೆಗೆ ತಂದಳು. ಅವನ್ನು ಕುದಿಸಿ, ನೀಲಿ ಹಾಕಿ, ಹಾಲಿನ ಹಾಗೆ ಮಾಡಿ, ಅಂಗೈ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಅಂಚು ಹೊಲಿದು, ಬೆನ್ನಿಗೆ ಅಡ್ಡಲಾಗಿ ಕಟ್ಟಿಕೊಳ್ಳಲು ದಾರ ಹಚ್ಚಿದಳು. ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿ ಚೀಲ ಹಿಡಿದು ನಿಂತಳು.

“ಕಟ್ಕೊಳ್ಳಿ. ಹಿಂದಿನಿಂದ ಬರೋರಿಗೆ ಕಾಣತ್ತೆ.”

ಗಂಡನ ಜೊತೆ ಕೆಲಸ ಮಾಡಿದವರು ಇಲ್ಲ ಅನ್ನಲಾರದೆ ತೆಗೆದುಕೊಂಡರು. ಇಬ್ಬರು ಮೂವರು ಅಲ್ಲೇ ಕಟ್ಟಿಕೊಂಡರು. ಒಬ್ಬ ಪಟ್ಟಿಯನ್ನು ಮೂಸಿ, “ಇದು ಆಸ್ಪತ್ರೆ ಬಟ್ಟೆ ಅಲ್ವಾ?” ಎಂದ. ಅವಳು ಹೌದು ಅಂದಳು. ಮುಚ್ಚಿಡುವ ವಿಷಯ ಎಂದು ಅವಳಿಗೆ ಹೊಳೆದಿರಲಿಲ್ಲ. ಮಾತು ಸೈಕಲ್ಲಿಗಿಂತ ವೇಗವಾಗಿ ಓಡಿತು. ಮಾರನೆಯ ದಿನ ಅವಳು ಆ ದಾರಿಯಲ್ಲಿ ಬರುವಾಗ ಚರಂಡಿಯ ಉದ್ದಕ್ಕೂ ಅವಳ ಪಟ್ಟಿಗಳು ಬಿದ್ದಿದ್ದವು, ಕೆಲವು ಮುಳ್ಳುಬೇಲಿಗೆ ಸಿಕ್ಕಿಕೊಂಡು ಅಲ್ಲಾಡುತ್ತಿದ್ದವು. ಹೆಣಕ್ಕೆ ಹೊದಿಸಿದ ಬಟ್ಟೆಯಂತೆ, ಗಂಡ ಸತ್ತವಳು ಹಂಚುತ್ತಿದ್ದಾಳಂತೆ ಎಂದು ಜನ ಆಡಿಕೊಂಡರು. ಅವಳು ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ತಂದು ಒಗೆದಳು. ಒಗೆದು ಏನು ಮಾಡಬೇಕೆಂದು ತಿಳಿಯದೆ ಮಡಿಸಿ ಇಟ್ಟಳು.

ಮಗಳ ಸೈಕಲ್ಲಿಗೆ ಮುಂದೆ ಹಿಂದೆ ದೀಪ ಹಾಕಿಸಿದಳು, ಬೆನ್ನಿಗೆ ಬಿಳಿ ಪಟ್ಟಿ ಕಟ್ಟಿ ಕಳಿಸಿದಳು. ಒಂದು ದಿನ ಮಗಳ ಶಾಲೆಯ ಚೀಲದ ತಳದಲ್ಲಿ ಆ ಪಟ್ಟಿ ಸುರುಳಿ ಸುತ್ತಿ ತುರುಕಿದ್ದು ಸಿಕ್ಕಿತು.

“ಬೀದಿ ತಿರುಗಿದ ಕೂಡಲೇ ಬಿಚ್ತೀಯಾ?”

“ಎಲ್ಲರೂ ನಗ್ತಾರಮ್ಮ. ದೀಪ ಇದೆಯಲ್ಲ, ಸಾಕು.”

“ನಿಮ್ಮಪ್ಪನೂ ಸಾಕು ಅಂತಾನೇ ಅಂದಿದ್ರು.”

ಹುಡುಗಿ ಅಳಲಿಲ್ಲ. “ಮಾವನ್ನ ಜೈಲಿಗೆ ಕಳಿಸಿದ್ದು ಸಾಲ್ದಾ ನಿನಗೆ?” ಎಂದು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೋದರಮಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು. ಅವಳು ಅವನನ್ನು ಎಷ್ಟು ನೆನೆಸಿಕೊಳ್ಳುತ್ತಿದ್ದಾಳೆ ಎಂದು ತಾಯಿಗೆ ಗೊತ್ತಾದದ್ದು ಆವತ್ತು. ಬಿಳಿಯಕ್ಕ ಆ ಪಟ್ಟಿಯ ಮಾತು ಮತ್ತೆ ಎತ್ತಲಿಲ್ಲ. ದೀಪ ಉರಿಯುತ್ತದೆಯೇ ಎಂದು ಮಾತ್ರ ಪ್ರತಿ ಬೆಳಿಗ್ಗೆ ಚಕ್ರ ತಿರುಗಿಸಿ ನೋಡುತ್ತಿದ್ದಳು.

ಅಣ್ಣ ಹೊರಗೆ ಬಂದ ಮೇಲೂ ಅವರಿಬ್ಬರು ಮಾತಾಡಲಿಲ್ಲ. ಅವನು ಅದೇ ಬೇಕರಿಯಲ್ಲಿ ಒಲೆಯ ಬಳಿ ಮೂಟೆ ಹೊರುವ ಕೆಲಸಕ್ಕೆ ಸೇರಿದ್ದ, ನಡೆದೇ ಹೋಗಿ ನಡೆದೇ ಬರುತ್ತಿದ್ದ. ಎದುರಾದರೆ ಇಬ್ಬರಲ್ಲೊಬ್ಬರು ರಸ್ತೆ ದಾಟುತ್ತಿದ್ದರು. ಹಾಗೆ ಇನ್ನೂ ಒಂದು ವರ್ಷ ಹೋಯಿತು.

ಆಮೇಲೆ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ತಂದು ಸೇರಿಸಿದ್ದು ಇವಳ ಆಸ್ಪತ್ರೆಗೇ. ಹಗಲು ಅಣ್ಣ ನೋಡಿಕೊಳ್ಳುತ್ತಿದ್ದ, ಸಂಜೆ ಅತ್ತಿಗೆ. ಬಿಳಿಯಕ್ಕ ಊಟದ ಬಿಡುವಿನಲ್ಲಿ ಮೇಲೆ ಹೋಗಿ ಹಾಸಿಗೆಯ ಕಾಲಿನ ಬಳಿ ನಿಂತು ಬರುತ್ತಿದ್ದಳು. ತಾಯಿ ಒಂದು ದಿನ ಕಣ್ಣು ತೆರೆಯದೆಯೇ, “ಕೂತ್ಕೋ,” ಅಂದಳು. ಅವಳು ಕೂತಳು. ಹಾಸಿಗೆಯ ಆ ಬದಿಗೆ ಅಣ್ಣ, ಈ ಬದಿಗೆ ಇವಳು. ಅಣ್ಣನ ಕೂದಲು ಪೂರಾ ನರೆತಿತ್ತು. ಮುಂಗೈಯ ಮೇಲೆ ಒಲೆಯ ಸುಟ್ಟ ಗಾಯಗಳು. ತಾಯಿಗೆ ನಿದ್ದೆ ಹತ್ತಿತು.

“ಏನಾದ್ರೂ ತಗೊಂಡ್ಳಾ?” ಅವಳೇ ಕೇಳಿದಳು.

“ಅರ್ಧ ಲೋಟ ಹಾಲು.”

ಪಕ್ಕದ ಹಾಸಿಗೆಯ ಮುದುಕಿ ಕೆಮ್ಮಿ ಕೆಮ್ಮಿ ನಿಲ್ಲಿಸಿದಳು.

“ಆ ಸ್ವೆಟರಿನ ಮಾತು ನಾನು ಆಡಬಾರದಿತ್ತು,” ಅಂದ ಅಣ್ಣ, ತಾಯಿಯ ಹೊದಿಕೆಯನ್ನು ನೋಡುತ್ತ.

“ಸುಳ್ಳೇನಲ್ಲವಲ್ಲ.”

“ಆದ್ರೂ.”

ಇಷ್ಟು ದಿನ ಅವಳು ಯಾರನ್ನೂ ಕೇಳದಿದ್ದ ಪ್ರಶ್ನೆ ಒಂದಿತ್ತು. ಕೋರ್ಟಿನಲ್ಲಿ ಅಣ್ಣ, ತನಗೆ ಏನೂ ಕಾಣಲಿಲ್ಲ ಎಂದು ಹೇಳಿದ್ದ. ಏನೂ ಕಾಣದೆ ಇರುವುದು ಹೇಗಿರುತ್ತದೆ ಎಂದು ಅವಳು ಎಷ್ಟೋ ಸಲ ಕಣ್ಣು ಮುಚ್ಚಿಕೊಂಡು ನೋಡಿದ್ದಳು.

“ಅಣ್ಣ, ಅವತ್ತು ನಿನಗೆ ನಿಜವಾಗ್ಲೂ ಏನೂ ಕಾಣಲಿಲ್ವಾ?”

ಅಣ್ಣ ತಾಯಿಯ ಹೊದಿಕೆಯನ್ನು ಭುಜದವರೆಗೆ ಎಳೆದು ಸರಿಮಾಡಿದ.

“ಮೊದಲು ಏನೂ ಕಾಣಲಿಲ್ಲ. ಮಂಜು. ಎಡಗಡೆ ಪೂರ್ತಿ ಕತ್ತಲೆ. ದಿಮ್ಮಿ ಹತ್ರ ಬಂದಾಗ ಒಂದು ಕೈ ಕಾಣಿಸ್ತು. ಬರೀ ಕೈ. ಮಸಿ ತೊಳಕೊಂಡಿದ್ನಲ್ಲ, ಬೆಳ್ಳಗೆ ಕಾಣಿಸ್ತು. ಬಲಕ್ಕೆ ಚಾಚಿದ್ದ. ದಿಮ್ಮಿ ಸುತ್ಕೊಂಡು ಹೋಗ್ತೀನಿ, ನಿಧಾನ ಮಾಡು ಅಂತ.” ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಂದ ಸ್ವಲ್ಪ ಎತ್ತಿದ, ಮತ್ತೆ ಇಳಿಸಿದ. “ಕಾಲು ಬ್ರೇಕಿಗೆ ಹೋಗೋ ಹೊತ್ತಿಗೆ ಮುಗಿದಿತ್ತು. ಕೈ ಕಂಡಿತ್ತು ಅಂತ ಪೊಲೀಸರಿಗೆ ಹೇಳಲಿಲ್ಲ. ಕೋರ್ಟಲ್ಲೂ ಹೇಳಲಿಲ್ಲ.”

ಅವಳು ತಾಯಿಯ ಹೊದಿಕೆಯ ಅಂಚನ್ನು ಹಿಡಿದುಕೊಂಡಳು.

“ಅವನು ತಿರುಗಿ ನೋಡ್ಲೇ ಇಲ್ಲ ಕಣೇ. ಹಿಂದೆ ಗಾಡಿ ಬಂದ್ರೆ ಯಾರಾದ್ರೂ ತಿರುಗಿ ನೋಡ್ತಾರೆ. ನನ್ನ ವ್ಯಾನಿನ ಸದ್ದು ಅವನಿಗೆ ಗೊತ್ತಿತ್ತು. ಭಾವ ಬರ್ತಿದಾನೆ, ನೋಡ್ಕೊಂಡು ಬರ್ತಾನೆ ಅಂತ ಅಂದ್ಕೊಂಡಿರ್ಬೇಕು.”

ನರ್ಸು ಬಂದು ಹಾಸು ಬದಲಿಸಬೇಕು ಅಂದಳು. ಅಣ್ಣ ಎದ್ದು ತಾಯಿಯ ಭುಜದ ಕೆಳಗೆ ಕೈ ಹಾಕಿದ, ಇವಳು ಸೊಂಟದ ಕೆಳಗೆ. ಇಬ್ಬರೂ ಸೇರಿ ನೋವಾಗದಂತೆ ಒಂದು ಬದಿಗೆ ಹೊರಳಿಸಿದರು. ಹಳೆಯ ಹಾಸನ್ನು ಎಳೆದು, ಹೊಸದನ್ನು ಸುಕ್ಕಿಲ್ಲದಂತೆ ಹಾಸಿ, ಮೂಲೆ ಮಡಿಸಿದ್ದು ಅವಳೇ. ತಾಯಿ ನಿದ್ದೆಯಲ್ಲೇ ನರಳಿ ಸುಮ್ಮನಾದಳು.

ಬಿಡುವಿನ ಹೊತ್ತು ಮುಗಿದಿತ್ತು. ಬಿಳಿಯಕ್ಕ ಹಳೆಯ ಹಾಸನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

“ಸಂಜೆ ಬರ್ತೀಯಾ?” ಅಣ್ಣ ಕೇಳಿದ.

“ಕೆಲಸ ಮುಗಿದ ಮೇಲೆ ಬರ್ತೀನಿ. ನೀನು ಕತ್ತಲಾಗೋದ್ರೊಳಗೆ ಹೊರಡು,” ಎಂದು ಹೇಳಿ ಅವಳು ಮೆಟ್ಟಿಲಿಳಿದಳು.